ನೆನಪಿಲ್ಲದವನ ತಪ್ಪು

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಮಧ್ಯಾಹ್ನ ನನ್ನ ಕನ್ನಡಕದ ಅಂಗಡಿಗೆ ಅರ್ಧ ಶಟರ್ ಎಳೆದು ಭಾವನ ಮನೆಗೆ ಹೋದೆ. ಬಾಗಿಲು ತೆಗೆಯುತ್ತಲೇ ಕೇಳಿದ, "ಬಾ ಪುಟ್ಟಿ. ನಿಮ್ಮಕ್ಕ ಎಲ್ಲಿ?"

ಅವನ ತಾಯಿ (ನಾನೂ ಅತ್ತೆ ಎಂದೇ ಕರೆಯುವುದು) ಅಡುಗೆಮನೆಯಿಂದಲೇ ಹೇಳಿದರು, "ಟ್ರೈನಿಂಗ್‌ಗೆ ಹೋಗಿದಾಳಪ್ಪ. ನಾಳೆ ಬರ್ತಾಳೆ."

"ಚಿಕ್ಕ ಮಕ್ಕಳಿಗೆ ಎಣಿಕೆ ಕಲಿಸೋಕೂ ಟ್ರೈನಿಂಗಾ?" ಎಂದು ನಕ್ಕ. ಅತ್ತೆಯೂ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಅವನ ಮಾತ್ರೆಗಳನ್ನು ಡಬ್ಬಿಗೆ ತುಂಬಿಸಿದೆ.

ಅಕ್ಕ ಸತ್ತು ನಾಲ್ಕು ತಿಂಗಳು. ಕಾರು ಓಡಿಸುತ್ತಿದ್ದವನು ಇವನೇ. ತಲೆಗೆ ಪೆಟ್ಟು ಬಿದ್ದು ಆ ದಿನ ಅಳಿಸಿಹೋಗಿದೆ, ಅದರ ಹಿಂದಿನ ಒಂದೆರಡು ವರ್ಷವೂ ಹೋಗಿದೆ. ಹೊಸದೂ ನಿಲ್ಲುವುದಿಲ್ಲ. ಒಂದು ನಿದ್ದೆ ಮಾಡಿ ಎದ್ದರೆ ಎಲ್ಲ ಖಾಲಿ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು ಕೇಸನ್ನೂ ಬದಿಗಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಎದ್ದರೆ ಅವನಿಗೆ ಹೆಂಡತಿ ಇದ್ದಾಳೆ. ಎಲ್ಲೋ ಹೋಗಿದ್ದಾಳೆ, ಬರುತ್ತಾಳೆ. ಸುಖವಾಗಿದ್ದಾನೆ. ಮೈ ಕೂಡ ತುಂಬಿಕೊಂಡಿದೆ.

ಬಾಯಲ್ಲಿ 'ನೀವು' ಎನ್ನುತ್ತೇನೆ. ಇಲ್ಲಿ 'ಅವನು'. ಇಲ್ಲಾದರೂ.

ಮಾರ್ಚ್ 4, ಮಂಗಳವಾರ

ಬರೆದುಬಿಡುತ್ತೇನೆ. ಆ ಕಾರಿನಲ್ಲಿ ಇದ್ದವರಲ್ಲಿ ಆದದ್ದೇನೆಂದು ಈಗ ಗೊತ್ತಿರುವವಳು ನಾನೊಬ್ಬಳೇ.

ಅವನು ಕಾಲೇಜಿನಲ್ಲಿ ಫಿಲಾಸಫಿ ಮೇಷ್ಟ್ರು. ಊಟದ ಮೇಜು, ಬಸ್ ಸ್ಟಾಪು, ಆಸ್ಪತ್ರೆಯ ಕ್ಯೂ... ಎಲ್ಲಿ ನಿಲ್ಲಿಸಿದರೂ ವಾದ. ಅವತ್ತು ಅಕ್ಕ ಶಾಲೆಯ ವಿಷಯ ಹೇಳುತ್ತಿದ್ದಳು. ಯಾರೋ ಹುಡುಗ ಇನ್ನೊಂದು ಮಗುವನ್ನು ಬಚ್ಚಲಿನಲ್ಲಿ ಕೂಡಿ ಚಿಲಕ ಹಾಕಿದ್ದ. "ಅವನಪ್ಪ ಬಂದು ಮಕ್ಕಳಾಟ ಅಂತ ನಗ್ತಾರೆ. ತಪ್ಪು ತಪ್ಪೇ ಅಲ್ವೇನ್ರೀ?"

ಸಿಕ್ಕಿತು ಇವನಿಗೆ. "ಯಾರಿಗೆ ತಪ್ಪು? ತಪ್ಪು ಅನ್ನೋದು ಬೆಟ್ಟದ ಹಾಗೆ ಎಲ್ಲೋ ನಿಂತಿರುತ್ತಾ? ನಮಗೆ ಆಗದೆ ಇರೋದಕ್ಕೆ ನಾವು ಇಟ್ಟುಕೊಂಡಿರೋ ಹೆಸರು ಅದು."

"ಮುಂದೆ ನೋಡಿ ರೀ" ಎಂದಳು. ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಸೋತೆ ಎನ್ನಲಿ ಎಂದು ಕಾಯುತ್ತಿದ್ದ. ಸೇತುವೆಯ ಗೋಡೆ ಬಡಿದದ್ದು ಅವಳ ಕಡೆಗೆ.

ನನ್ನ ಭುಜದ ಮೂಳೆ ಕೂಡಿಕೊಂಡಿದೆ. ಅಷ್ಟೇ ಕೂಡಿಕೊಂಡಿರುವುದು.

ಮಾರ್ಚ್ 9, ಭಾನುವಾರ

ಗಡ್ಡದ ಮೇಷ್ಟ್ರು ಬಂದಿದ್ದರು. ಅವನ ಕಾಲೇಜಿನವರೇ, ಅವನ ಗೆಳೆಯ. ಒಳ್ಳೆಯ ಮನುಷ್ಯ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

ಅವನು ಕೋಣೆಯಲ್ಲಿ ಮಲಗಿದ್ದ. ಅವನಿಗೆ ನಿಜ ಹೇಳಬೇಕು ಎಂದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಒಳಗೆ ಹೋದರು.

ಮೇಷ್ಟ್ರು ಮೆಲ್ಲಗೆ ಶುರುಮಾಡಿದರು. "ಯಾರಿಗೆ ಹೇಳ್ತೀಯಮ್ಮ? ಒಳಗೆ ಕೂತು ಎಲ್ಲ ನೋಡ್ತಾ ಇರೋ 'ನಾನು' ಅಂತ ಗಟ್ಟಿ ವಸ್ತು ಏನೂ ಇಲ್ಲ. ಒಂದು ನೆನಪಿಗೆ ಇನ್ನೊಂದು ನೆನಪು ಹೆಣೆದುಕೊಂಡಿರುತ್ತೆ, ಅದನ್ನೇ ಮನುಷ್ಯ ಅಂತೀವಿ. ಇವನಲ್ಲಿ ಆ ಹೆಣಿಗೆ ಬಿಚ್ಚಿಹೋಗಿದೆ. ಕಾರು ಓಡಿಸಿದವನು ಅಲ್ಲೇ ಮುಗಿದ. ಇವನು ಬೇರೆ. ಮಾಡದೆ ಇರೋ ತಪ್ಪಿಗೆ ಇವನನ್ನ ಯಾಕೆ ಸುಡ್ತೀಯ?"

"ಮೊನ್ನೆ ಕೆಟಲ್ ಮುಟ್ಟಿ ಅಂಗೈ ಸುಟ್ಟುಕೊಂಡರು" ಎಂದೆ. "ಮಾರನೇ ದಿನ ಹೇಗಾಯ್ತು ಅಂತ ಅವರಿಗೆ ಗೊತ್ತಿಲ್ಲ. ಆದ್ರೆ ಬೊಬ್ಬೆ ಅವರ ಕೈಯಲ್ಲೇ ಇತ್ತು. ಉರಿ ಅವರಿಗೇ ಆಗ್ತಿತ್ತು. ಅದೇನು ಪಕ್ಕದ ಮನೆಯವರ ಉರಿಯಾ, ಮೇಷ್ಟ್ರೇ?"

"ಅದು ಮೈ. ಮೈ ಮುಂದುವರಿಯುತ್ತೆ, ನಿಜ. ತಪ್ಪು ಮಾಡೋದು ಮೈಯಲ್ಲವಲ್ಲ."

ಎಲ್ಲದಕ್ಕೂ ಉತ್ತರ ಇದೆ ಇವರ ಹತ್ತಿರ. ಮೈ ಉರಿದುಹೋಯಿತು. ಚಪ್ಪಲಿ ಮೆಟ್ಟಿ ಬಂದುಬಿಟ್ಟೆ. ಅರ್ಧ ದಾರಿಯಲ್ಲಿ ನೋಡಿದರೆ ಒಂದು ನನ್ನದು, ಒಂದು ಅತ್ತೆಯದು.

ಮಾರ್ಚ್ 14, ಶುಕ್ರವಾರ

ಹೇಳಿದೆ.

ಕಿತ್ತಳೆ ಸುಲಿಯುತ್ತಿದ್ದ. ಅರ್ಧ ತಿಂದು ಅರ್ಧವನ್ನು ತಟ್ಟೆಯಲ್ಲಿಟ್ಟು ಮುಚ್ಚಿದ. "ಅವಳಿಗೆ. ಸುಸ್ತಾಗಿ ಬಂದಿರ್ತಾಳೆ." ಅಕ್ಕ ಇದ್ದಾಗ ಒಂದು ಲೋಟ ನೀರು ಕೊಟ್ಟವನಲ್ಲ. ಈ ಒಳ್ಳೆಯತನವನ್ನು ಇಷ್ಟು ವರ್ಷ ಯಾವ ಡಬ್ಬದಲ್ಲಿ ಮುಚ್ಚಿಟ್ಟಿದ್ದ? ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾರು, ಸೇತುವೆ, ಮುಂದೆ ನೋಡಿ ಎಂದದ್ದು. ನೋವಾಗಲಿ ಎಂದೇ ಹೇಳಿದೆ.

ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟ. ಮೇಲೆ ತಾರಸಿಯಲ್ಲಿ ಅತ್ತೆ ಬಟ್ಟೆ ಒಣಹಾಕುವ ಸದ್ದು.

"ಯಾರಿಗೆ ತಪ್ಪು ಅಂತ ಕೇಳಿದೆನಾ?"

"ಹೂಂ."

"ಅವಳೇನಂದಳು?"

"ಹೇಳೋಕೆ ಪುರುಸೊತ್ತು ಎಲ್ಲಿ ಕೊಟ್ಟಿರಿ?"

ಅವನ ಕಣ್ಣು ತುಂಬಿತು. "ನನಗೆ ಏನೂ ನೆನಪಿಲ್ಲ, ಪುಟ್ಟಿ." ಅದಕ್ಕೇ ಕಾಯುತ್ತಿದ್ದೆ. 'ಹಾಗಾಗಿ ಅದು ನಾನಲ್ಲ' ಎನ್ನಲಿ, ತಟ್ಟೆ ಎತ್ತಿ ಮುಖಕ್ಕೆ ಎಸೆಯುತ್ತೇನೆ ಎಂದುಕೊಂಡಿದ್ದೆ.

"ನೆನಪಿಲ್ಲ ಅಂದ್ರೆ ಮಾಡಿಲ್ಲ ಅಂತ ಆಗಲ್ವಲ್ಲ" ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ನಾಳೆ ಮರೆತುಬಿಡ್ತೀನಿ. ನಾಳೆನೂ ಹೇಳು. ದಿನಾ ಹೇಳು. ಅವಳು ಸತ್ತಿದಾಳೆ, ನಾನು ಇಲ್ಲಿ ಕೂತು ಹಣ್ಣು ತಿನ್ನೋದು ಬೇಡ. ಮಾತು ಕೊಡು."

ಕೊಟ್ಟೆ.

ಇಲ್ಲೂ ಅವನೇ ಗೆದ್ದ. ಹಾಳಾಗಿ ಹೋಗಲಿ.

ಮಾರ್ಚ್ 15, ಶನಿವಾರ

"ಬಾ ಪುಟ್ಟಿ. ನಿಮ್ಮಕ್ಕ ಎಲ್ಲಿ?"

ಅತ್ತೆ ಅಡ್ಡ ಬಂದು ನಿಂತರು. "ಟ್ರೈನಿಂಗ್‌ಗೆ." ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ನಿನ್ನೆಯೆಲ್ಲ ಗೋಡೆಗೆ ತಲೆ ಚಚ್ಚಿಕೊಂಡ ಕಣೇ. ನಿನ್ನ ಅಕ್ಕ ಹೋದಳು. ನನ್ನ ಮಗನನ್ನೂ ಕಳಿಸಬೇಕಾ?"

ಹೇಳದೆ ಬಂದೆ. ಮಾತು ಕೊಡು ಎಂದವನಿಗೆ ಹಾಗೆ ಕೇಳಿದ್ದೇ ಗೊತ್ತಿಲ್ಲ.

ಮಾರ್ಚ್ 27, ಗುರುವಾರ

ಆ ಕಡೆ ತಲೆ ಹಾಕಿಲ್ಲ.

ಗಡ್ಡದ ಮೇಷ್ಟ್ರು ಕಣ್ಣು ಪರೀಕ್ಷೆಗೆ ಅಂಗಡಿಗೆ ಬಂದರು. ಲೆನ್ಸ್ ಬದಲಿಸುತ್ತಲೇ ಅವನಿಗೆ ಮಾತು ಕೊಟ್ಟ ವಿಷಯ ಹೇಳಿದೆ. ಮರುಕದಿಂದ ನೋಡಿದರು. "ಅವತ್ತಿನವನಿಗೆ ಕೊಟ್ಟ ಮಾತಮ್ಮ. ಇವತ್ತಿನವನು ಕೇಳೇ ಇಲ್ಲ. ನಿನಗೆ ಯಾವ ಋಣವೂ ಇಲ್ಲ. ಬಿಟ್ಟುಬಿಡು."

ಎಷ್ಟು ಹಗುರವಾಯಿತು. ಒಂದು ನಿಮಿಷ. ಆಮೇಲೆ ಹೊಳೆಯಿತು: ಅವತ್ತಿನವನು ಬೇರೆ ಎಂದು ಒಪ್ಪಿದರೆ ಕಾರು ಓಡಿಸಿದವನೂ ಬೇರೆ. ಅಕ್ಕನನ್ನು ಕೊಂದವನು ಎಲ್ಲೂ ಇಲ್ಲ, ನಾನು ಸಿಟ್ಟು ಮಾಡಲಿಕ್ಕೂ ಯಾರೂ ಇಲ್ಲ. ಇಲ್ಲ, ಅವನೇ ಇವನು ಎಂದರೆ ಮಾತೂ ಇವನಿಗೇ ಕೊಟ್ಟದ್ದು. ನನಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವ ಹಾಗಿಲ್ಲ.

"ಬೋರ್ಡಿನ ಮೇಲೆ ಇರೋದು ಒಂದೇ ಅಕ್ಷರ, ಮೇಷ್ಟ್ರೇ. ನಿಮಗೆ ಮಸುಕಾಗಿ ಕಂಡ್ರೆ ಅಕ್ಷರ ಬದಲಾಗಲ್ಲ" ಎಂದೆ.

"ಬೋರ್ಡು ಬರೆದವನೂ ಮನುಷ್ಯನೇ ಅಲ್ವೇನಮ್ಮ?"

ಇನ್ನೊಂದು ಲೆನ್ಸ್ ಹಾಕಿದೆ. ಉತ್ತರ ಈಗಲೂ ಹೊಳೆದಿಲ್ಲ. ಆದರೂ ಅಕ್ಕ ಹೇಳಿದ್ದೇ ಸರಿ, ತಪ್ಪು ತಪ್ಪೇ.

ಏಪ್ರಿಲ್ 6, ಭಾನುವಾರ

ಈ ವಾರ ದಿನಾ ಹೋದೆ. ದಿನಾ ಹೇಳಿದೆ. ಅತ್ತೆ ಮಾತು ಬಿಟ್ಟಿದ್ದಾರೆ. ಆದರೆ ಮಗ ಗೋಡೆಯ ಕಡೆ ಹೋಗದಂತೆ ಪಕ್ಕದಲ್ಲೇ ಕೂರುತ್ತಾರೆ, ನಾನು ಈ ಪಕ್ಕ. ಒಂದು ದಿನವೂ ಅವನು 'ನಾನಲ್ಲ' ಎನ್ನಲಿಲ್ಲ. ಮೊದಲ ದಿನ ಕೇಳಿದ್ದು ಮರೆತವನು, ದಿನಾ ಹೊಸದಾಗಿ ಅದನ್ನೇ ಕೇಳುತ್ತಾನೆ: "ನಾಳೆನೂ ಹೇಳ್ತೀಯಲ್ಲ?"

ನೋಯಿಸಬೇಕು ಎಂದು ಹೊರಟವಳು ನಾನು. ಈಗ ಎಲ್ಲಿ ನಿಲ್ಲಿಸಬೇಕು, ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ. ಅದಕ್ಕೂ ಸಿಟ್ಟು. ಅವನ ಮೇಲೆ ಸಿಟ್ಟಾಗಿರುವುದೊಂದೇ ಸುಲಭವಾಗಿತ್ತು.

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ

ಅವರ ಮನೆಯ ಹಾಲ್. ಅವನು ಸ್ನಾನಕ್ಕೆ ಹೋಗಿದ್ದಾನೆ. ಹಾಡಿಕೊಳ್ಳುತ್ತಿದ್ದಾನೆ, ರಾಗ ಕೆಟ್ಟದಾಗಿದೆ. ಅತ್ತೆ ಬಾಯಿ ಬಿಟ್ಟರು, "ಇನ್ನೊಂದು ಐದು ನಿಮಿಷ ಹಾಡಲಿ ಬಿಡೇ." ಬಿಟ್ಟಿದ್ದೇನೆ.

ಇವತ್ತು ಕಾರಿನಿಂದ ಶುರುಮಾಡುವುದಿಲ್ಲ. ಮೊದಲು ಅಕ್ಕನ ಬಗ್ಗೆ. ಅವಳ ಶಾಲೆ, ಆ ಬಚ್ಚಲಿನ ಚಿಲಕ, ಮಗುವನ್ನು ಹೊರಗೆ ತಂದು ಅವಳು ಏನೆಂದಳು... ಆಮೇಲೆ ಉಳಿದದ್ದು. ಬಿಡದೆ ಎಲ್ಲವೂ.

ಹಾಡು ನಿಂತಿತು. ಚಿಲಕ ತೆಗೆದ. ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬರುತ್ತಿದ್ದಾನೆ, ನನ್ನನ್ನು ನೋಡಿ ನಗುತ್ತಿದ್ದಾರೆ (ಇಲ್ಲೂ 'ಅವರು' ಬಂದುಬಿಟ್ಟಿತು), ಈಗ ಕೇಳುತ್ತಾರೆ, ನಿಮ್ಮಕ್ಕ ಎಲ್ಲಿ