ಕೈ ನಿಲ್ಲಿಸುವ ಹೊತ್ತು

ಸುಮಿಯೋಶಿ, ಒಸಾಕಾ
12 ಜೂನ್ 1962

ಪ್ರೀತಿಯ ಹಾಜಿಮೆಯ ಅಪ್ಪನಿಗೆ,

ಏಡನ್ ಬಂದರಿನಲ್ಲಿ ಹಾಕಿದ ನಿಮ್ಮ ಪತ್ರ ತಲುಪಿತು. ಹಲ್ಲುನೋವು ಇಳಿಯಿತೇ? ಎಂಜಿನ್ ಕೋಣೆಯ ಸೆಕೆಗೆ ಬೆನ್ನಿನ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿರಬೇಕು ಅಂದುಕೊಂಡಿದ್ದೇನೆ. ಅಡುಗೆಯವನು ಮಿಸೊ ಸಾರಿಗೆ ಸಕ್ಕರೆ ಹಾಕುತ್ತಾನೆಂದು ಬರೆದಿದ್ದೀರಿ. ನಾನು ಕಟ್ಟಿಕೊಟ್ಟ ಉಪ್ಪಿನ ಪ್ಲಮ್ ಉಳಿದಿದ್ದರೆ ಅನ್ನದ ಜೊತೆ ಅದನ್ನೇ ತಿನ್ನಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಪ್ರತಿ ಪತ್ರದಲ್ಲೂ ಹೀಗೇ ಬರೆಯುತ್ತೇನೆ, ಈ ಸಲ ಅದು ಹೆಚ್ಚುಕಡಿಮೆ ನಿಜ.

ಸಿಂಗಪುರ ಮುಟ್ಟಿದ ಮೇಲೆ ಕ್ಯಾಪ್ಟನ್ ಕೈಗೆ ರಾಜೀನಾಮೆ ಕೊಟ್ಟು, ಊರಿಗೆ ಬಂದು ಅಣ್ಣನ ಸ್ಕ್ರೂ ಕಾರ್ಖಾನೆ ಸೇರುತ್ತೇನೆ ಎಂದಿದ್ದೀರಿ. ನನ್ನ ಹಿಂದಿನ ಪತ್ರ ಓದಿದ ಯಾವ ಅಪ್ಪನಾದರೂ ಹಾಗೇ ಮಾಡುತ್ತಿದ್ದ. ಚೆರ್ರಿ ಹೂವು ಉದುರಿದಾಗಿನಿಂದ ಹಾಜಿಮೆ ನಿದ್ದೆಯಲ್ಲಿ ಕಿರುಚುವುದು, ಕಣ್ಣು ತೆರೆದೇ ಇದ್ದರೂ ನನ್ನನ್ನು ಗುರುತಿಸದಿರುವುದು, ನನ್ನ ಮಡಿಲಲ್ಲೇ ಕೂತು ನನ್ನನ್ನು ಒದ್ದು ದೂಡುತ್ತಾ ಅಮ್ಮಾ ಅಮ್ಮಾ ಎಂದು ಯಾರನ್ನೋ ಹುಡುಕುವುದು, ಎಲ್ಲವನ್ನೂ ಬರೆದುಬಿಟ್ಟಿದ್ದೆ. ಡಾಕ್ಟರು ದೊಡ್ಡವನಾದ ಮೇಲೆ ಸರಿಹೋಗುತ್ತದೆ ಅಂದರು. ದೊಡ್ಡವನಾಗುವವರೆಗೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೋಡೆಯಾಚೆಯ ತೋಫು ಅಂಗಡಿ ಉಮೆಕೊ ನಿಮಗೆ ಗೊತ್ತಲ್ಲ. ರಾತ್ರಿಯ ಕಿರುಚಾಟಕ್ಕೆ ಒಂದು ದಿನವೂ ಗೊಣಗದವಳು, ಒಂದು ಬೆಳಿಗ್ಗೆ ತೋಫು ಕೊಡುತ್ತಾ ಅಂದಳು: “ಅದು ರಚ್ಚೆ ಹುಳ ಕಣಮ್ಮಾ, ಮಗು ಮೈಯೊಳಗೆ ಕೂತು ಕಿರುಚಿಸುತ್ತೆ. ತೊಯೊ ಅಜ್ಜಿ ಹತ್ರ ಸೂಜಿಗೆ ಕರ್ಕೊಂಡ್ ಹೋಗು. ಕಾಲೇಜಲ್ಲಿ ಏನೇನೋ ಓದಿದ್ದೀಯ, ನಿದ್ದೆ ಮಾಡೋದೊಂದು ಕಲಿಸ್ಲಿಲ್ಲ ನೋಡು ಅವ್ರು.” ನಮ್ಮ ಸೆಂಡಾಯ್ ಕಡೆ ಮಕ್ಕಳಿಗೆ ಸೂಜಿ ಎಂದರೆ ಆಸ್ಪತ್ರೆಯದೇ. ಎರಡು ವರ್ಷದ ಕೂಸಿಗೆ ಚುಚ್ಚಿಸುವುದುಂಟೇ ಎಂದು ತೋಫು ತೆಗೆದುಕೊಂಡು ಒಳಗೆ ಬಂದುಬಿಟ್ಟೆ.

ಆದರೂ ಹೋದೆ. ಅಮಾವಾಸ್ಯೆ ಕಳೆದ ಮೊದಲ ಮೂರು ದಿನ ಸೂಜಿಗೆ ಒಳ್ಳೆಯದೆಂದು ಇಲ್ಲಿನವರ ನಂಬಿಕೆ. ಟ್ರಾಮಿನ ತುಂಬ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು. ಎಲ್ಲರ ಕಣ್ಣ ಕೆಳಗೂ ನನ್ನದೇ ಕಪ್ಪು. ಇಷ್ಟು ಜನ ಎಚ್ಚರವಾಗಿದ್ದಾರೆ ಎಂದು ನನಗೆ ತಿಳಿದೇ ಇರಲಿಲ್ಲ. ಒಬ್ಬಳು ನನ್ನನ್ನು ನೋಡಿ, “ನಿಮ್ದು ಕಿರ್ಚೋದೋ, ಕಚ್ಚೋದೋ?” ಎಂದು ಬೆಲೆ ವಿಚಾರಿಸುವವಳಂತೆ ಕೇಳಿದಳು. ಎಷ್ಟೋ ವಾರಗಳ ಮೇಲೆ ನಕ್ಕೆ.

ತೊಯೊ ಅಜ್ಜಿ ಗುಬ್ಬಿಯಷ್ಟಿದ್ದಾರೆ. ಅವರ ಅಂಗೈಯೊಳಗೆ ಬೆಳ್ಳಿಯ ಮೊಂಡು ಕಡ್ಡಿಯೊಂದು ಅಡಗಿರುತ್ತದೆ, ಮಗುವಿಗೆ ಕಾಣುವುದೇ ಇಲ್ಲ. “ಸೂಜಿ ಅಂತ ಹೆಸರಷ್ಟೇ ಮಗಳೇ, ಚುಚ್ಚೋದಿಲ್ಲ. ಮೊದ್ಲು ನೀನು ಉಸಿರು ಬಿಡು.” ಆಮೇಲೆ ಅವರ ಕೈ ಹಾಜಿಮೆಯ ತೋಳಿನ ಮೇಲೆ, ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ಹಾದುಹೋಯಿತು. ಮುಟ್ಟಿತೆನ್ನಲೋ, ಗಾಳಿ ಬೀಸಿತೆನ್ನಲೋ. ಅಪರಿಚಿತರು ಕಂಡರೆ ಬಿಲ್ಲಿನಂತೆ ಸೆಟೆಯುವ ನಮ್ಮ ಮಗ ಬಾಯಿ ತೆರೆದು ಕೇಳಿಸಿಕೊಳ್ಳುವವನಂತೆ ಕೂತ. ಬೆನ್ನಿನ ಚರ್ಮ ನಸುಗೆಂಪಾಯಿತು. ಸದಾ ಮಡಚಿರುವ ಅವನ ಕಾಲ್ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಾನು ಹೆತ್ತ ಮೈಯೊಳಗೆ ಇಂಥದೊಂದು ಬಾಗಿಲಿತ್ತೇ ಎಂದು ಉಸಿರು ಬಿಡುವುದನ್ನು ಮತ್ತೆ ಮರೆತೆ. ಹಣೆಯ ಮೇಲೊಮ್ಮೆ ಸವರಿ, “ಆಯ್ತು, ಮುಂದಿನೋರು” ಅಂದರು. ಹುಳ ನಿಜವಾಗಿ ಇದೆಯೇ ಎಂದು ಕೇಳಿದೆ. “ನಾನಂತೂ ಕಂಡಿಲ್ಲಪ್ಪ. ಕಂಡಿದ್ದೀನಿ ಅಂದ್ರೆ ಜನಕ್ಕೆ ಖುಷಿ” ಎಂದು ಕಣ್ಣು ಮಿಟುಕಿಸಿದರು.

ಅಂದು ಅವನು ಬೆಳಗಿನವರೆಗೆ ಮಲಗಿದ. ನನಗೆ ಆಸೆ ಹತ್ತಿತು. ಮನೆಯಲ್ಲಿ ಚಮಚದ ಬೆನ್ನಿನಿಂದ ಒಂದು ಜೋಗುಳ ಮುಗಿಯುವಷ್ಟು ಹೊತ್ತು ಮಾತ್ರ ಸವರು ಎಂದಿದ್ದರು ಅಜ್ಜಿ. ಅಷ್ಟರಿಂದ ಇಷ್ಟಾದರೆ ಇನ್ನಷ್ಟರಿಂದ ಎಷ್ಟಾದೀತು ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನನ್ನ ಕೈ ಸೋಲುವವರೆಗೆ ಸವರಿದೆ. ಮೈ ಬಿಸಿಯಾಯಿತು, ಕಿರುಚಾಟ ಮೊದಲಿಗಿಂತ ಜೋರಾಯಿತು. ಮತ್ತೆ ಟ್ರಾಮು ಹತ್ತಿದೆ. “ಮಗೂನ ಪಾತ್ರೆ ಅಂದ್ಕೊಂಡ್ಯಾ, ಉಜ್ಜೋಕೆ?” ಎಂದರು ಅಜ್ಜಿ. ಕೋಣೆಯ ತಾಯಂದಿರೆಲ್ಲ ನಕ್ಕರು. ಅವರಲ್ಲಿ ಅರ್ಧ ಜನ ಇದೇ ತಪ್ಪು ಮಾಡಿದವರಂತೆ.

ಆ ದಿನ ಅಜ್ಜಿ ಮಗುವನ್ನು ಮುಟ್ಟಲೇ ಇಲ್ಲ. ನನ್ನನ್ನು ಕೂರಿಸಿ, ಕತ್ತಿನ ಹಿಂದೆ ಕಡ್ಡಿಯನ್ನು ಆಡಿಸಿ, ಬೆನ್ನಿನ ಮೇಲೆ ಬರಿಯ ಅಂಗೈ ಇಟ್ಟರು. ಅಲ್ಲಿಂದ ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು, ನನ್ನ ಮೇಲೆ ಯಾರದೋ ಹೊದಿಕೆಯಿತ್ತು. ಹಾಜಿಮೆ ಗುರುತಿಲ್ಲದವಳೊಬ್ಬಳ ತೊಡೆಯ ಮೇಲೆ ಕೂತು ಗೆಣಸು ತಿನ್ನುತ್ತಿದ್ದ. ಅಷ್ಟು ಹೊತ್ತೂ ತಾಯಂದಿರು ಅಳುವ ಕೂಸುಗಳನ್ನು ಎತ್ತಿಕೊಂಡು, ನನ್ನನ್ನು ತುಳಿಯದಂತೆ ಸುತ್ತು ಬಳಸಿ ಓಡಾಡಿದ್ದರು. ಯಾರೂ ಎಬ್ಬಿಸಿರಲಿಲ್ಲ. ದೇವಾಲಯದಲ್ಲೂ ನನಗೆ ಅಷ್ಟು ಕೈ ಮುಗಿಯಬೇಕೆನಿಸಿದ್ದಿಲ್ಲ.

ಈಗ ಚಮಚವನ್ನು ಡಬ್ಬಿಗೆ ಹಾಕಿದ್ದೇನೆ. ಸ್ನಾನವಾದ ಮೇಲೆ ಅವನ ಬೆನ್ನಿನ ಮೇಲೆ ಕೈಯಿಟ್ಟು ಕಾಯುತ್ತೇನೆ. ಉಸಿರು ನಿಧಾನವಾಗಿ, ಚರ್ಮ ತುಸು ಪಸೆಯಾದಾಗ ಕೈ ತೆಗೆಯಬೇಕು. ತೆಗೆಯುವುದೇ ಕಷ್ಟ.

ಹಡಗಿನ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ. ಉಮೆಕೊ ನಿಮ್ಮನ್ನು ಕೇಳಿದಳು. ಹಾಜಿಮೆ ಈ ಕಾಗದದ ಮೂಲೆಯಲ್ಲಿ ಮಸಿಯ ಹೆಬ್ಬೆರಳು ಒತ್ತಿದ್ದಾನೆ, ಅದೇ ಅವನ ಮುತ್ತು.

ನಿಮ್ಮ
ಇತ್ಸುಕೊ

ವಿ.ಸೂ.: ಅಂಚೆ ಹೊರಡುವ ಹೊತ್ತಾಯಿತು. ಮೇಲಿನದನ್ನು ಓದಿ ಅವನಿಗೆ ವಾಸಿಯಾಯಿತೆಂದು ತಿಳಿಯಬೇಡಿ. ನಿನ್ನೆ ರಾತ್ರಿ ಮತ್ತೆ ಕಿರುಚಿದ, ಮತ್ತೆ ಅಮ್ಮನನ್ನು ಹುಡುಕಿದ. ನಾನು ಅಲುಗಿಸಲಿಲ್ಲ, ಇಲ್ಲೇ ಇದ್ದೇನೆಂದು ಕೂಗಲಿಲ್ಲ, ಬೆನ್ನಿನ ಮೇಲೆ ಕೈಯಿಟ್ಟು ಕೂತೆ. ಹುಡುಕುತ್ತಾ ಹುಡುಕುತ್ತಾ ನನಗೇ ಒರಗಿ ಮಲಗಿದ. ನನಗೆ ಹೆದರಿಕೆಯಾಗಲಿಲ್ಲ. ಸಮುದ್ರ ನಿಮಗೇ ಸಾಕೆನಿಸಿದ್ದರೆ ಆ ರಾಜೀನಾಮೆ ಕೊಡಿ. ನಮಗಾಗಿ ಆದರೆ ಹರಿದುಹಾಕಿ.