ಭಾನುವಾರದ ಹಳದಿ ಪುಡಿ

ಹಿತ್ತಿಲ ಮೆಟ್ಟಿಲ ಮೇಲಿಂದ,
ಬುಧವಾರ, ೧೮ನೇ ತಾರೀಖು, ಬೆಳಗ್ಗೆ ಹತ್ತೂವರೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ಒದ್ದೆ ಕೈಯ ನಮಸ್ಕಾರ.

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಮಗಳ ಮನೆಯಲ್ಲಿ ಬೆಳಗ್ಗೆ ಎಂಟರವರೆಗೆ ಮಲಗುತ್ತೀರಿ, ಸಂಜೆ ಹೊಲಿಗೆ ಕ್ಲಾಸಿಗೆ ಹೋಗುತ್ತೀರಿ ಎಂದು ನಾದಿನಿ ಹೇಳಿದಾಗ ನನಗೆ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹದಿನೈದು ದಿನಕ್ಕೆಂದು ಹೋದವರು, ನಾಲ್ಕು ತಿಂಗಳಾಯಿತು. ಇಲ್ಲಿ ಎಲ್ಲರೂ ಕ್ಷೇಮ, ಮನುಷ್ಯರ ಮಟ್ಟಿಗೆ. ಮಾವನವರ ಕಣ್ಣಿನ ಪೊರೆ ಇನ್ನಷ್ಟು ಬಲಿತಿದೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು ಈಗ ಗಂಟೆ ಎಷ್ಟಾಯಿತೆಂದು ನನ್ನನ್ನು ಕೇಳುತ್ತಾರೆ. ಈ ಪತ್ರ ಬರೆಸುತ್ತಿರುವವರೂ ಅವರೇ. "ಫೋನಲ್ಲಿ ಹೇಳಿದ್ರೆ ಹೂಂ ಅಂತಾಳೆ, ಬರಲ್ಲ. ಕಾಗದ ಬರಿ" ಅಂದರು. ಮುಗಿದ ಮೇಲೆ ಓದಿ ಹೇಳಬೇಕು. ಎಲ್ಲಿ ನುಂಗಬೇಕೋ ಅಲ್ಲಿ ನುಂಗಿ ಓದುತ್ತೇನೆ, ಅದು ನಿಮ್ಮಿಂದಲೇ ಕಲಿತ ವಿದ್ಯೆ.

ನಮ್ಮ ಹಿತ್ತಿಲ ಕೊಳದಲ್ಲಿ ಮಾವನವರು ಸಾಕಿರುವ ಮೀನುಗಳಿಗೆ ಕಾಯಿಲೆ ಬಂದಿದೆ ಅತ್ತೆ. ಮೊದಲು ದೊಡ್ಡಣ್ಣ, ಅದೇ ಕೇಸರಿ ಬೆನ್ನಿನ ಹಿರಿಯ ಮೀನು, ಕಾಳು ಹಾಕಿದರೂ ಮೇಲೆ ಬರಲಿಲ್ಲ. ನೀರು ಬೀಳುವ ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಂತಿತ್ತು. ಎರಡು ದಿನಕ್ಕೆ ಪಕ್ಕೆಯ ಹುರುಪೆ ಎದ್ದು, ಅಡಿಯಲ್ಲಿ ಬೆರಳುಗುರಿನಷ್ಟು ಕೆಂಪು ಹುಣ್ಣು ಕಂಡಿತು. ವಾರದೊಳಗೆ ಐದಕ್ಕೆ ಹಾಗೆಯೇ ಆಯಿತು, ಎರಡು ಸತ್ತವು. ಮಾವನವರು ವಾರವಾರ ನೀರಿಗೆ ಹಾಕಿಸುವ ಆ ಹಳದಿ ಔಷಧಿ ಪುಡಿಯನ್ನು ಭಾನುವಾರಕ್ಕೂ ಕಾಯದೆ ಎರಡು ಚಮಚ ಹಾಕಿಸಿದರು. ಮಾರನೆಯ ಬೆಳಗ್ಗೆ ಉಳಿದವೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಿಮ್ಮ ಮಗ ಆಗ ಮಾತ್ರ ಹೆದರಿ ಮೀನಿನ ಡಾಕ್ಟರಮ್ಮನನ್ನು ಕರೆಸಿದರು.

ಡಾಕ್ಟರಮ್ಮ ಮೀನನ್ನು ನೋಡುವುದಕ್ಕೆ ಮುಂಚೆ ನೀರನ್ನು ನೋಡಿದರು. ಸಣ್ಣ ಸೀಸೆಯ ನೀರಿಗೆ ಎರಡು ಹನಿ ಏನೋ ಬಿಟ್ಟರೆ ಅದು ಕಡು ಹಸಿರಾಯಿತು, ನೀರು ವಿಷವಾಗಿದೆ ಎಂದು ಅರ್ಥವಂತೆ. ಮೈಯ ಲೋಳೆ ಕೆರೆದು ಮೈಕ್ರೋಸ್ಕೋಪಿನಲ್ಲಿ ಹುಳು ಇದೆಯೇ ಎಂದು ಹುಡುಕಿದರು, ಇರಲಿಲ್ಲ. ಕೊನೆಗೆ ಹುಣ್ಣಿನ ಅಂಚಿಗೆ ಹತ್ತಿಯ ಕಡ್ಡಿ ಒತ್ತಿ ಲ್ಯಾಬಿಗೆ ಒಯ್ದರು. ಫಲಿತಾಂಶ ನೋಡಲು ಹೋದವಳು ನಾನೇ. ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿತ್ತು, ಅದರ ಮೇಲೆ ಬೇರೆ ಬೇರೆ ಔಷಧಿಗಳಲ್ಲಿ ನೆನೆಸಿದ ಆರು ಪುಟ್ಟ ಕಾಗದದ ಬಿಲ್ಲೆಗಳು. ಒಂದೆರಡರ ಸುತ್ತ ಬ್ಯಾಕ್ಟೀರಿಯಾ ಸತ್ತು ಖಾಲಿ ಬಳೆಯಂತೆ ಕಾಣುತ್ತಿತ್ತು. ನಮ್ಮ ಹಳದಿ ಪುಡಿಯ ಬಿಲ್ಲೆಗೆ ಮಾತ್ರ ಅವು ಒತ್ತಿಕೊಂಡೇ ಬೆಳೆದಿದ್ದವು. "ಕಾಯಿಲೆ ಇಲ್ಲದಾಗ ವಾರವಾರ ಔಷಧಿ ಹಾಕಿದ್ದು ಯಾರು?" ಎಂದು ಡಾಕ್ಟರಮ್ಮ ಕೇಳಿದರು. ಕಾಯಿಲೆ ಬರದಿರಲಿ ಎಂದು ಹಾಕಿದ ಪುಡಿಯೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಸಾಕಿತ್ತು. ಸಾಲದ್ದಕ್ಕೆ ನೀರನ್ನು ಶುದ್ಧಮಾಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದೇ ಕೊಂದಿತ್ತು. ಅತ್ತೆ, ಆರು ವರ್ಷ ಅದನ್ನು ಬಕೆಟ್ಟಿನಲ್ಲಿ ಕಲಕಿದವರು ನೀವು, ಆಮೇಲೆ ನಾನು. ಹಾಕು ಅಂದರು, ಹಾಕಿದೆವು. ಏಕೆಂದು ಒಂದು ದಿನವೂ ಕೇಳಲಿಲ್ಲ. ಇದನ್ನು ನೆನೆದರೆ ನನಗೆ ಮಾವನವರ ಮೇಲಿಗಿಂತ ನನ್ನ ಮೇಲೇ ಸಿಟ್ಟು ಬರುತ್ತದೆ.

ಈಗ ದಿನ ಬಿಟ್ಟು ದಿನ ಸೂಜಿ, ಒಟ್ಟು ಐದು. ಇವತ್ತಿಗೆ ಮೂರಾಯಿತು. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಮಂಪರು ಬರಿಸಿ, ಒದ್ದೆ ಟವೆಲಿನ ಮೇಲೆ ಮಲಗಿಸಿ, ನಾನು ಹಿಡಿಯಬೇಕು. ಡಾಕ್ಟರಮ್ಮ ಹುಣ್ಣು ಒರೆಸಿ, ಮುಲಾಮು ಹಚ್ಚಿ, ಸೂಜಿ ಹಾಕುತ್ತಾರೆ. ಕಾಯಿಲೆ ಮೀನುಗಳನ್ನು ಬೇರೆಯಾಗಿ ಬಿಟ್ಟಿರುವ ತೊಟ್ಟಿಯ ಉಪ್ಪುನೀರನ್ನು ದಿನಕ್ಕೆರಡು ಸಲ ಅರ್ಧ ಬದಲಿಸಬೇಕು. ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ "ಪಂಪ್ ನಿಂತಿದ್ಯಾ ಬಂದು ನೋಡು" ಎಂದು ಮಾವನವರಿಂದ ಎರಡು ಸಲ ಫೋನು. ಹಿತ್ತಿಲಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಿಲು, ಗಾಣದೆತ್ತಿನ ಹಾಗೆ ಆಗಿದ್ದೇನೆ. ತೊಟ್ಟಿಯಲ್ಲಿರುವ ಮೀನುಗಳಿಗಾದರೂ ಇಪ್ಪತ್ತೆರಡಕ್ಕೆ ಬಿಡುಗಡೆ ಎಂದು ದಿನ ಗೊತ್ತಾಗಿದೆ.

ಇನ್ನೊಂದು ವಿಷಯ. ನನ್ನ ಕೈ ನಡುಗುವುದಿಲ್ಲವಂತೆ. ಲ್ಯಾಬಿನಲ್ಲಿ ಸಹಾಯಕ್ಕೆ ಬರುತ್ತೀಯಾ, ಒಂದನೇ ತಾರೀಖಿನಿಂದ, ಎಂದು ಡಾಕ್ಟರಮ್ಮ ಕೇಳಿದ್ದಾರೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ. ನಿಮ್ಮ ಮಗನಿಗೆ ಹೇಳಿದೆ. "ಧಾರಾಳವಾಗಿ ಹೋಗು. ಅಮ್ಮ ಬಂದುಬಿಡಲಿ, ಆಮೇಲೆ" ಅಂದರು. ಅತ್ತ ದರಿ, ಇತ್ತ ಪುಲಿ. ಮೂರು ದಿನ ಯೋಚಿಸಿದೆ. ನೀವು ಬಂದರೆ ನಾನು ಹೋಗಬಹುದು, ಬೇರೆ ದಾರಿ ಕಾಣುತ್ತಿಲ್ಲ. ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ: ತಿಂಗಳ ಕೊನೆಯೊಳಗೆ ಬನ್ನಿ.

ನಾದಿನಿಗೆ ನನ್ನ ನೆನಪುಗಳು, ಮಕ್ಕಳಿಗೆ ಮುತ್ತು. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಹಿರಿಯರು ನೀವು, ಅಲ್ಲಿಂದಲೇ ಹರಸಿ.

ಇಂತಿ ನಿಮ್ಮ
ಸೊಸೆ

ತಾ.ಕ.: ಅಂಚೆ ಡಬ್ಬಿಯ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಪತ್ರ ಓದಿ ಹೇಳಿದಾಗ ಮಾವನವರಿಗೆ ಬಹಳ ಖುಷಿಯಾಯಿತು. "ಬರದೇ ಎಲ್ಲಿಗ್ ಹೋಗ್ತಾಳೆ! ಬಂದ್ಮೇಲೆ ಪಕ್ಕದಲ್ಲೇ ಇನ್ನೊಂದು ಕೊಳ ತೋಡ್ಸೋಣ" ಅಂದರು. ನಿಮ್ಮ ಮಗ ಆಗಲೇ ಟೇಪು ಹಿಡಿದು ಬಟ್ಟೆ ಒಣಹಾಕುವ ಜಾಗ ಅಳೆಯುತ್ತಿದ್ದರು. ಆ ಕೊಳದ ಬಕೆಟ್ಟೂ ನಿಮ್ಮ ಕೈಗೇ ಬರುತ್ತದೆ. ಅತ್ತೆ, ಬರಬೇಡಿ. ಮೇಲೆ ಬನ್ನಿ ಎಂದು ಬರೆದದ್ದನ್ನು ನಂಬಬೇಡಿ, ಇವರು ಫೋನು ಮಾಡಿ ಸೊಸೆಗೆ ಹುಷಾರಿಲ್ಲ ಎಂದರೂ ಬರಬೇಡಿ. ಇಪ್ಪತ್ತೆರಡರವರೆಗೆ ಮೀನು ಹಿಡಿಯುತ್ತೇನೆ, ಪಾಪ ಅವು ಏನು ಮಾಡಿದವು. ಒಂದನೇ ತಾರೀಖು ಹೋಗಲು ಬಿಡುತ್ತಾರೋ ಇಲ್ಲವೋ, ಅದು ನನ್ನ ಜಗಳ, ನಾನೇ ಆಡುತ್ತೇನೆ. ನೀವು ಎಂಟರವರೆಗೆ ಮಲಗಿ.