ಬುದ್ಧಿಹಲ್ಲಿನ ಹತ್ತೊಂಬತ್ತು ನಿಮಿಷ

ಹಲ್ಲಿನ ಆಸ್ಪತ್ರೆ, ಮೂರನೆಯ ಮಹಡಿ, ನನ್ನ ಕೊಠಡಿ
ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ಪ್ರೀತಿಯ ಮೆಣಸು,

ಹೇಗಿದ್ದೀಯ ಮಗಳೇ? ಅರೆತಲೆನೋವು ಮತ್ತೆ ಕಾಡಿಲ್ಲ ತಾನೇ? ಅಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲಿದ್ದಂತೆ ನಿಂತಲ್ಲೇ ಎರಡು ತುತ್ತು ನುಂಗಿ ಓಡುತ್ತಿದ್ದೀಯೋ? ನೀನು ಭಾವನ ಕನ್ನಡಕದ ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುತ್ತಿರುವೆಯೆಂದು ಅಕ್ಕ ಫೋನಿನಲ್ಲಿ ಹೇಳಿದಳಂತೆ. "ಹಲ್ಲು ಬಿಟ್ಟು ಮೂಗು ಹಿಡಿದಳು ನೋಡಿ ನಿಮ್ಮ ಶಿಷ್ಯೆ" ಎಂದು ನಿನ್ನ ದೊಡ್ಡಮ್ಮ ನಕ್ಕಳು. ನಕ್ಕು ಮುಗಿಸಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಚೆನ್ನಾಗಿದ್ದೇನೆ. ಅಲ್ಲಲ್ಲಿ ಅಕ್ಷರ ಕದಡಿರುವುದನ್ನು ಕಂಡು ಗಾಬರಿಯಾಗಬೇಡ. ಅದು ಕಣ್ಣೀರಲ್ಲ, ಚಹಾ. ನನ್ನ ಕೆಳತುಟಿಯ ಎಡಭಾಗ ಮರಗಟ್ಟಿದೆ. ಲೋಟ ತುಟಿಗೆ ತಾಕಿತೋ ಇಲ್ಲವೋ ತಿಳಿಯದೆ ಕಾಗದದ ಮೇಲೆ ಸುರಿದುಕೊಂಡೆ. ಆರಿಸಿಕೊಂಡೇ ಕುಡಿಯುತ್ತಿದ್ದೆ, ಬಯ್ಯಬೇಡ.

ವಿಷಯ ಇಷ್ಟು. ಎರಡು ವರ್ಷದಿಂದ ಸಿಮೆಂಟು ಮೆತ್ತಿಕೊಂಡು ದಿನ ದೂಡುತ್ತಿದ್ದ ನನ್ನ ಎಡದವಡೆಯ ಹಲ್ಲು ಹೋದ ವಾರ ಬೇರಿನವರೆಗೂ ಸೀಳಿತು. ಅದರ ಹಿಂದೆಯೇ ಬುದ್ಧಿಹಲ್ಲು ಒಂದು ಕೆಲಸವೂ ಇಲ್ಲದೆ ನಲವತ್ತು ವರ್ಷದಿಂದ ಕುಳಿತಿತ್ತು. ಅದನ್ನೇ ಕಿತ್ತು ಮುಂದಿನ ಕುಳಿಯಲ್ಲಿ ನೆಡಿ ಎಂದು ನಮ್ಮ ತರಬೇತಿಯ ಮಕ್ಕಳಿಗೆ ಹೇಳಿದೆ. ಅರವತ್ತೊಂದರ ವಯಸ್ಸಿನ ಬೇರು; ಅದು ಕಚ್ಚಿಕೊಳ್ಳುವ ಭರವಸೆ ಕಡಿಮೆ, ಎರಡು ವಾರದ ಮೇಲೆ ಬೇರಿನ ನರ ತೆಗೆಯುವ ಕೆಲಸವೂ ಇದೆ. ಆದರೂ ನಿನ್ನ ಜೊತೆಯವರು ಕೈಯಾರೆ ಒಂದು ಹಲ್ಲು ನೆಡಲಿ ಎಂಬ ಆಸೆ ನನಗಿತ್ತು. "ಈ ವಯಸ್ಸಿನಲ್ಲಿ ಬುದ್ಧಿ ಜಾಗ ಬದಲಿಸಿದರೆ ಮನೆಯವರ ಗತಿಯೇನು?" ಎಂದು ದೊಡ್ಡಮ್ಮ ಕೇಳಿದಳು.

ಇಂದು ಬೆಳಿಗ್ಗೆ ಹತ್ತಕ್ಕೆ ನಾನು ಆ ಕುರ್ಚಿಯಲ್ಲಿ ಮಲಗಿದೆ. ಮೂವತ್ತು ವರ್ಷ ಅದರ ಪಕ್ಕದಲ್ಲಿ ನಿಂತವನಿಗೆ ಮೇಲ್ಛಾವಣಿಯಲ್ಲಿ ಅಷ್ಟು ಬಿರುಕುಗಳಿರುವುದು ಗೊತ್ತೇ ಇರಲಿಲ್ಲ. ನಮ್ಮ ಉದ್ದನೆಯ ಹುಡುಗಿ ಸೂಜಿ ಚುಚ್ಚಿದಳು. ಆಮೇಲೆ ನನ್ನ ಕಣ್ಣಿನ ಮೇಲೆ ಹಸಿರು ಬಟ್ಟೆ ಹಾಸಿದರು. "ಏನೂ ಗೊತ್ತಾಗುವುದಿಲ್ಲ" ಎಂದು ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೇನೆ! ಅದು ನಿಜವಲ್ಲ, ಮಗಳೇ. ನೋವು ಮಾತ್ರ ಹೋಗುತ್ತದೆ. ಎಳೆತ ಗೊತ್ತಾಗುತ್ತದೆ, ಮೂಳೆಯೊಳಗಿನ ಸದ್ದು ಗೊತ್ತಾಗುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಬೀರು ಸರಿಸುತ್ತಿದ್ದಾರೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ಇರುತ್ತದೆ. ಈ ಎರಡು ತಿಂಗಳು ನನ್ನ ದಿನಗಳೂ ಸುಮಾರಾಗಿ ಹಾಗೆಯೇ ಕಳೆದಿವೆ.

ಗೋಡೆಯ ಬಿಳಿ ಹಲಗೆ ನಿನಗೆ ನೆನಪಿರಬೇಕು. ಹಲ್ಲು ಬಾಯಿಂದ ಈಚೆ ಬಂದ ಕೂಡಲೇ ಸಿಸ್ಟರು "ಹಲ್ಲು ಹೊರಗೆ" ಎಂದು ಕೂಗಿ ಸಮಯ ಬರೆಯುತ್ತಾರೆ. ಹೊಸ ಕುಳಿಯಲ್ಲಿ ಕೂತ ಕೂಡಲೇ "ಹಲ್ಲು ಒಳಗೆ" ಎಂದು ಕೂಗಿ ಮತ್ತೆ ಬರೆಯುತ್ತಾರೆ. ಬೇರಿನ ಸುತ್ತ ಇರುವ ತೆಳು ಪೊರೆ ಒಣಗಿದರೆ ಹಲ್ಲು ಸತ್ತಂತೆ, ಆದ್ದರಿಂದ ಆ ಎರಡು ಸಮಯಗಳ ನಡುವಿನ ಅಂತರವೇ ಎಲ್ಲವೂ ಎಂದು ನಿಮಗೆಲ್ಲ ಬಾಯಿಪಾಠವಾಗುವಷ್ಟು ಹೇಳಿದವನು ನಾನೇ. ಇವತ್ತು ನನ್ನ ಹಲ್ಲು ಹೊರಗಿದ್ದದ್ದು ನಾಲ್ಕು ನಿಮಿಷ. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಯಾರೂ ಒಂದು ಹೆಚ್ಚಿನ ಮಾತಾಡಲಿಲ್ಲ. ಹಲಗೆಯಲ್ಲಿ ನಿನ್ನೆ ನಾನೇ ಒಂದು ಗೆರೆ ಎಳೆಸಿ ಮೂರನೆಯ ಮನೆ ಮಾಡಿಸಿದ್ದೇನೆ: "ಕುಳಿ ಸಿದ್ಧ" ಎಂದು. ಯಾಕೆಂದು ಸಿಸ್ಟರು ಕೇಳಿದರು. ಹಾಗೇ ಇರಲಿ ಎಂದೆ.

ನಮ್ಮ ದರ್ಜಿ ಹುಡುಗಿ ಕಳೆದ ಸೋಮವಾರ ಬಂದಿದ್ದಳು. ಸೆಪ್ಟೆಂಬರಿನಲ್ಲಿ ನೀನೂ ನಾನೂ ಸೇರಿ ನೆಟ್ಟು, ಕಚ್ಚಿಕೊಳ್ಳಲಿಲ್ಲವೆಂದು ಜನವರಿಯಲ್ಲಿ ಕಿತ್ತ ಹಲ್ಲಿನ ಜಾಗ ಚೆನ್ನಾಗಿ ಮಾಗಿದೆ. ಆ ಹಲ್ಲು ಅಲ್ಲಾಡದಿರಲೆಂದು ನೀನು ಅದರ ಮೇಲೆ ಅಡ್ಡಡ್ಡ ಹಾಕಿದ ಹೊಲಿಗೆಯನ್ನು ಕನ್ನಡಿಯಲ್ಲಿ ನೋಡಿ "ಗಂಟು ಪರವಾಗಿಲ್ಲ, ಆದ್ರೆ ದಾರ ಸ್ವಲ್ಪ ಜಾಸ್ತಿ ಎಳೆದಿದ್ದೀರಿ ಡಾಕ್ಟ್ರಮ್ಮಾ" ಎಂದಿದ್ದಳಲ್ಲ, ಅವಳ ಬಾಯಿ ಹಾಗೇ ಇದೆ. ಈ ಸಲ ಕುರ್ಚಿಯಲ್ಲಿ ಕೂತವಳೇ ಸುತ್ತ ನೋಡಿ, "ಆ ಸಣ್ಣ ಡಾಕ್ಟ್ರಮ್ಮ ಎಲ್ಲಿ ಸರ್?" ಎಂದಳು. ರಜೆಯಲ್ಲಿದ್ದಾಳೆ ಎಂದೆ. "ನನ್ನ ಹತ್ರ ಇನ್ನೂ ಮೂರು ಬುದ್ಧಿಹಲ್ಲು ಇವೆ. ಇನ್ನೊಂದು ಸಲ ನೋಡೋಣ. ಆದ್ರೆ ಅವರೇ ಮಾಡ್ಬೇಕು. ಅವತ್ತು ಕಾಯ್ತಿದ್ದಷ್ಟು ಹೊತ್ತೂ ನನ್ನ ಕೈ ಹಿಡ್ಕೊಂಡಿದ್ದೋರು ಅವರೊಬ್ರೇ" ಎಂದಳು. ನೀನು ಅವಳ ಕೈ ಹಿಡಿದಿದ್ದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಕುಳಿ ಕೊರೆಯುತ್ತಿರುವವರಿಗೆ ಕೈ ಹಿಡಿಯಲು ಬಿಡುವಿರುವುದಿಲ್ಲ. ಅವಳು ಹೋದ ಮೇಲೂ ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ಜನವರಿಯ ಆ ಸಭೆಯನ್ನು ನೆನಪಿಸುವುದು ನಿನಗೆ ಹಿತವಲ್ಲವೆಂದು ಬಲ್ಲೆ. ಹಲಗೆಯ ಲೆಕ್ಕದಲ್ಲಿ ದರ್ಜಿಯ ಹಲ್ಲು ಹೊರಗಿದ್ದದ್ದು ಹತ್ತೊಂಬತ್ತು ನಿಮಿಷ. ವಿಭಾಗದ ಮುಖ್ಯಸ್ಥರು ಅದನ್ನು ಓದಿ, ಕುಳಿಯನ್ನು ಸಿದ್ಧಪಡಿಸಲು ತರಬೇತಿಯವಳು ತಡಮಾಡಿದ್ದಾಳೆ ಎಂದು ಬರೆಸಿದರು. ನೀನು ಏನೂ ಹೇಳಲಿಲ್ಲ. ನಾನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದೆ. ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ನಾನು ಸರ್, ಇಳಿದರೆ ದೊಡ್ಡಪ್ಪ ಎಂದು ನೀನು ಸೇರಿದ ದಿನವೇ ನಿಯಮ ಮಾಡಿದ್ದೆನಲ್ಲ. ಆ ಸಂಜೆ ಮೆಟ್ಟಿಲಿಳಿದ ಮೇಲಾದರೂ ನೀನು ಕೇಳಬಹುದೆಂದು ಕಾದೆ. ನೀನು ಚೀಲ ತುಂಬಿಕೊಂಡೆ, ದೊಡ್ಡಮ್ಮನಿಗೆ ನಮಸ್ಕರಿಸಿದೆ, "ನನ್ನ ಕೈಗೆ ಈ ಕೆಲಸ ಆಗಲ್ಲ" ಎಂದು ಹೇಳಿ ಹೊರಟೆ. ನಿನ್ನ ಕೈ ಎಂಥದ್ದೆಂದು ನನಗೆ ಗೊತ್ತು. ನೀನು ಏಳು ವರ್ಷದವಳಿದ್ದಾಗ ನನ್ನ ಕೈಗಡಿಯಾರ ಬಿಚ್ಚಿ, ಒಂದು ತಿರುಪೂ ಉಳಿಯದಂತೆ ಮತ್ತೆ ಜೋಡಿಸಿದ್ದೆ. ಅದು ಈಗಲೂ ನಡೆಯುತ್ತಿದೆ.

ಕೊನೆಯ ವರ್ಷಕ್ಕೆ ಹೆಸರು ಬರೆಸಲು ಈ ತಿಂಗಳ ಮೂವತ್ತೊಂದು ಕಡೆಯ ದಿನ. ಅಂದು ಸಹಿ ಬೀಳದಿದ್ದರೆ ನಿನ್ನ ಜಾಗ ಬೇರೆಯವರಿಗೆ ಹೋಗುತ್ತದೆ. ಆಮೇಲೆ ನಾನೂ ಏನೂ ಮಾಡಲಾರೆ. ಅರ್ಜಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅಂಗಡಿ ಒಳ್ಳೆಯದೇ, ಕಣ್ಣು ಕಾಣುವಂತೆ ಮಾಡುವುದೂ ಪುಣ್ಯದ ಕೆಲಸವೇ, ಬಾ ಎಂದು ಬಲವಂತ ಮಾಡುವ ಹಕ್ಕು ನನಗಿಲ್ಲ. ಆದರೆ ನಿನ್ನ ಬಿಳಿ ಕೋಟು ಇನ್ನೂ ಮೂರನೆಯ ಗೂಟದಲ್ಲೇ ಇದೆ. ನಿನ್ನ ಜೊತೆಯವರು ಅದರ ಮೇಲೆ ಬೇರೆ ಯಾರ ಕೋಟನ್ನೂ ನೇತುಹಾಕಲು ಬಿಡುವುದಿಲ್ಲ. ಅವರನ್ನು ಕಂಡಾಗಲೆಲ್ಲ ಈ ಕಸುಬು ಒಳ್ಳೆಯ ಕೈಗಳಿಗೆ ಸೇರುತ್ತಿದೆ ಎಂದುಕೊಳ್ಳುತ್ತೇನೆ.

ಅಕ್ಕನಿಗೂ ಭಾವನಿಗೂ ನಮ್ಮ ನೆನಪು ತಿಳಿಸು. ದೊಡ್ಡಮ್ಮ ನಿನ್ನ ಕೋಣೆಯ ಕಿಟಕಿಯನ್ನು ದಿನವೂ ತೆರೆದು ಮುಚ್ಚುತ್ತಾಳೆ. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ಎಲ್ಲಿದ್ದರೂ ನಿನ್ನ ಕೈಗೆ ಒಳ್ಳೆಯದಾಗಲಿ.

ಮೆಟ್ಟಿಲ ಮೇಲೂ ಕೆಳಗೂ ನಿನ್ನ
ದೊಡ್ಡಪ್ಪ

ಮತ್ತೆ: ಟಪಾಲು ಒಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ. ಬರೆಯಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ದರ್ಜಿಯ ಕುಳಿ ಏಳನೆಯ ನಿಮಿಷಕ್ಕೇ ಸಿದ್ಧವಾಗಿತ್ತು. ಹಲ್ಲು ನನ್ನ ಇಕ್ಕಳದಲ್ಲಿತ್ತು. ನಾನು ಕಿಟಕಿಯ ಬಳಿ, ಫ್ಯಾನಿನ ಕೆಳಗೆ ಅದನ್ನು ಎತ್ತಿ ಹಿಡಿದು ಆರು ಮಕ್ಕಳಿಗೆ ಬೇರಿನ ಪೊರೆ ತೋರಿಸುತ್ತಿದ್ದೆ. ಒಬ್ಬ ಪ್ರಶ್ನೆ ಕೇಳಿದ, ಒಳ್ಳೆಯ ಪ್ರಶ್ನೆ, ನನಗೆ ಖುಷಿಯಾಗಿ ಪಾಠ ಬೆಳೆಸಿದೆ. ನೀನು "ಸರ್, ಕುಳಿ ರೆಡಿ" ಎಂದೆ. ಎರಡನೆಯ ಸಲ ಬಾಯಿತಪ್ಪಿ "ದೊಡ್ಡಪ್ಪಾ, ರೆಡಿ" ಎಂದೆ. "ಇಲ್ಲಿ ದೊಡ್ಡಪ್ಪ ಯಾರೂ ಇಲ್ಲ" ಎಂದು ಎಲ್ಲರೆದುರು ಗದರಿ ಮಾತು ಮುಂದುವರಿಸಿದೆ. ಇದನ್ನೆಲ್ಲ ಇಂದು ಮಧ್ಯಾಹ್ನ ಮುಖ್ಯಸ್ಥರಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅದರ ನಕಲು ಅರ್ಜಿಯ ಹಿಂದಿದೆ. ಮೊದಲ ಸಲ ಕರೆದದ್ದು ನನಗೆ ಕೇಳಿಸಲಿಲ್ಲ ಎಂದು ನೀನು ಅಂದುಕೊಂಡಿರಬಹುದು. ಕೇಳಿಸಿತ್ತು, ಮಗಳೇ.